ನಾಗಕ್ಕನ ಒಂದು ಲೋಟ ಕಾಫಿ

ಪಕ್ಕದ ಮನೆಯಲ್ಲಿ ಬೆಲ್ಲದ ಕಾಫಿ ಉಕ್ಕಿ ಸೀದ ವಾಸನೆ ಬಂತು ನೋಡಿ, ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು. ಬೆಳಗಿನಿಂದ ಒಂದೇ ಶೆಲ್ಫನ್ನು ಮತ್ತೆ ಮತ್ತೆ ಒರೆಸುತ್ತಿದ್ದೇನೆ. ಪಾಪ, ಅದರದೇನು ತಪ್ಪು? ಬಾಣಂತನಕ್ಕೆ ಬಂದ ಮಗಳು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಮಗು ಅತ್ತರೂ ತಿರುಗುವುದಿಲ್ಲ. ಬುದ್ಧಿ ಹೇಳಿದೆ, ಗದರಿದೆ, ದೃಷ್ಟಿಯನ್ನೂ ತೆಗೆದೆ. ನಾಳೆ ಡಾಕ್ಟರ ಹತ್ತಿರ ಹೋಗುವುದಿದೆ. ಅಲ್ಲಿಯವರೆಗೆ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಇವಳು ಕೈಗೂಸಾಗಿದ್ದಾಗ, ಕಿರುಗಾವಲಿನ ಇದೇ ಮನೆಯಲ್ಲಿ, ನಾನೂ ಹೀಗೇ ಮಲಗಿದ್ದೆ. ಯಾಕೆಂದು ಕೇಳಬೇಡಿ, ನನಗೇ ಗೊತ್ತಿರಲಿಲ್ಲ. ನಿಡಘಟ್ಟದಿಂದ ಬಂದ ನನ್ನ ನಾದಿನಿ ನೋಡುವಷ್ಟು ನೋಡಿ, "ಇವ್ಳ ಕೈಲಿ ಆಗಾಕಿಲ್ಲ ಕಣಣ್ಣ. ಮುಂದಿನ್ ತಿಂಗ್ಳು ಬಂದು ಮಗೀನ ನಾನೇ ಎತ್ಕೊಂಡೋಯ್ತೀನಿ" ಎಂದು ನನ್ನ ಗಂಡನಿಗೆ ಹೇಳಿದಳು. ಕೇಳಿಸಿತು. ಆದರೂ ಏಳಲಾಗಲಿಲ್ಲ.

ಆಗ ಬಂದವಳು ನಾಗಕ್ಕ. ಎಳೆ ಮಕ್ಕಳಿದ್ದು ಕಷ್ಟಪಡುವ ಮನೆಗಳಿಗೆ ಮಳವಳ್ಳಿಯಿಂದ ಬಸ್ಸು ಹಿಡಿದು ಬಂದು ಜೊತೆಗಿರುವುದೇ ಅವಳ ಕೆಲಸ. ಧೈರ್ಯ ಹೇಳುತ್ತಾಳೆಂದುಕೊಂಡೆ. ಅವಳೋ ಬಾಗಿಲ ಪಕ್ಕ ಕೂತು, "ಬಿಸ್ಲಲ್ ಬಂದಿವ್ನಿ ಕಣವ್ವ, ಒಂದ್ ಲೋಟ ಕಾಪಿ ಕಾಯ್ಸ್ಕೊಡು" ಎಂದಳು!

ಮೈಯೆಲ್ಲ ಉರಿಯಿತು. ಬಾಣಂತಿಗೆ ಒಲೆ ಹಚ್ಚಲು ಹೇಳುವವರುಂಟೇ? ಆ ಸಿಟ್ಟಿಗೇ ಎದ್ದೆ. ಕಾಸಿ ಕೊಟ್ಟರೆ, "ಬೆಲ್ಲ ಕಮ್ಮಿ" ಎಂದು ರಾಗ ಎಳೆದಳು. ಅಷ್ಟರಲ್ಲಿ ಮಗು ಅತ್ತಿತು.

"ನನ್ ಕೈಲಿ ಬಿಸಿ ಲೋಟ ಐತೆ. ನೀನೇ ಎತ್ಕೊ."

ಎತ್ತಿಕೊಂಡೆ.

ಬರೀ ಕಾಫಿಯಿಂದ ಎಲ್ಲ ನೆಟ್ಟಗಾಯಿತೆಂದು ತಿಳಿಯಬೇಡಿ. ಇದು ಸೋಮಾರಿತನವಲ್ಲ, ಕಾಯಿಲೆ ಎಂದು ನನ್ನ ಗಂಡನನ್ನು ಕೂರಿಸಿಕೊಂಡು ತಿಳಿಹೇಳಿದವಳು, ಮಳವಳ್ಳಿಯ ಡಾಕ್ಟರಿಗೆ ತೋರಿಸಿದವಳು ಅವಳೇ. ಆದರೆ ಬಂದಾಗಲೆಲ್ಲ ಕಾಫಿ ಬೇಕು, ಅದಕ್ಕೊಂದು ಕೊಂಕು ತೆಗೆಯಲೂ ಬೇಕು. ಅವಳ ಬಾಯಿ ಮುಚ್ಚಿಸುವ ಹಟದಲ್ಲಿ ನಾನು ಅವಳ ಬಸ್ಸಿನ ಸದ್ದಿಗೆ ಕಾಯತೊಡಗಿದೆ.

ಹೇಳಿದಂತೆ ಮುಂದಿನ ತಿಂಗಳು ನಾದಿನಿ, ಮಗುವಿನ ಬಟ್ಟೆಗೆಂದು ಖಾಲಿ ಬ್ಯಾಗು ಹಿಡಿದು ಬಂದೇಬಿಟ್ಟಳು. ಅಲ್ಲೇ ಇದ್ದ ನಾಗಕ್ಕ ವಾದಕ್ಕೆ ಇಳಿಯಲಿಲ್ಲ. "ಇವ್ರಿಗೂ ಒಂದ್ ಲೋಟ ಕಾಯ್ಸವ್ವ" ಎಂದಳಷ್ಟೇ. ಮಗುವನ್ನು ಹೆಗಲಿಗೆ ಹಾಕಿಕೊಂಡೇ ಕಾಸಿ ತಂದೆ. ನಾದಿನಿ ಕುಡಿಯುತ್ತ ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. "ಇಲ್ಲೇ ಇರ್ಲಿ ಬುಡು" ಎಂದು ಖಾಲಿ ಬ್ಯಾಗು ಹಿಡಿದೇ ಹೊರಟಳು.

ಇಷ್ಟೆಲ್ಲ ನೆನಪಾದ ಮೇಲೆ ಬಟ್ಟೆಯನ್ನು ಬಿಸಾಕಿದೆ. ಕೋಣೆಯ ಬಾಗಿಲ ಪಕ್ಕ ಕೂತು, "ಪುಟ್ಟಿ, ಒಂದ್ ಲೋಟ ಕಾಪಿ ಕಾಯ್ಸ್ಕೊಡವ್ವ" ಎಂದೆ.

ತಿರುಗಿದಳು. ಎಷ್ಟೋ ದಿನಕ್ಕೆ ಮುಖ ಕಂಡಿತು, ಕೆಂಡದಂತಿತ್ತು.

"ನಿಂಗೇನ್ ಕೈ ಬಿದ್ದೋಗವಾ?"

"ಊಂ ಕಣವ್ವ."

ದಡದಡ ಎದ್ದು ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದಾಯಿತು. "ಬೆಲ್ಲ ಎಲ್ಲವ್ವ ಮಡ್ಗಿದ್ದೀಯ?"

ಓಡಿಹೋಗಿ ತೆಗೆದುಕೊಡಲು ಮೈಯೆಲ್ಲ ತುಡಿಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೇ ಇದ್ದೆ.