ಬಿಚ್ಚದೆ ಬಿಟ್ಟ ಡಿಸ್ಕು

"ಅಣ್ಣಾ, ಅಪ್ಪ ತೀರಿಹೋದ್ರು. ಉತ್ತರಕ್ರಿಯೆಗೆ ಇಡ್ಲಿಕ್ಕೆ ಒಂದು ಫೋಟೋ ಬೇಕಿತ್ತು. ನನ್ನ ಮದುವೆಯಲ್ಲಿ ತೆಗೆದದ್ದು ನಿಮ್ಮಲ್ಲಿ ಉಂಟಲ್ಲ?"

ಬೆಳ್ಳಾರೆಯ ನಮ್ಮ ಸ್ಟುಡಿಯೋದ ಬಾಗಿಲಲ್ಲಿ ನಿಂತು ಆ ಹುಡುಗಿ ಕೇಳಿದಳು. ಅವಳ ಆಲ್ಬಮ್ ಇನ್ನೂ ಪ್ರಿಂಟಿಗೆ ಹೋಗಿರಲಿಲ್ಲ. ಹಿಂದಿನ ವಾರವಷ್ಟೇ ಕಂಪ್ಯೂಟರಿಗೆ ವೈರಸ್ ಹೊಕ್ಕು ಯಾವ ಫೋಟೋವೂ ತೆರೆಯದಂತಾಗಿತ್ತು.

ಅದಕ್ಕೆ ಕಾರಣ ನಾನೇ. ಸ್ಟುಡಿಯೋ ನನ್ನ ತಂಗಿಯದು. ಅರ್ಧಕ್ಕೆ ಶಾಲೆ ಬಿಟ್ಟ ನನಗೆ ಆಲ್ಬಮ್ ಜೋಡಿಸಲು ಕಲಿಸಿದವಳೂ ಅವಳೇ. ಪುತ್ತೂರಿನ ಕಂಪ್ಯೂಟರ್ ತರಗತಿಗೆ ಹೋಗು ಎಂದಳು, ನಾನು ಹೋಗಲಿಲ್ಲ. ಫೋಟೋಗಳ ಇನ್ನೊಂದು ಪ್ರತಿ ಇರುವ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಂಪ್ಯೂಟರಿನಿಂದ ಬಿಚ್ಚಿಡು ಎಂದಳು.

"ಮದುವೆ ಸೀಸನಲ್ಲಿ ಬಿಚ್ಚುದು, ಹಾಕುದು ಅಂತ ಕೂತ್ರೆ ಆಲ್ಬಮ್ ಕೊಡುದು ಯಾವಾಗ ಮಾರಾಯ್ತಿ?" ಎಂದು ನಾನು ನಕ್ಕಿದ್ದೆ. ಕೆಲಸ ಬೇಗ ಆಗಲೆಂದು ಎಲ್ಲಿಂದಲೋ ಪುಕ್ಕಟೆ ಸಿಕ್ಕಿದ ಡಿಸೈನ್ ಸಾಫ್ಟ್‌ವೇರ್ ಹಾಕಿದೆ. ಅದರೊಂದಿಗೆ ಬಂದ ವೈರಸ್, ಸಿಕ್ಕಿಸಿಯೇ ಇದ್ದ ಡಿಸ್ಕಿನ ಪ್ರತಿಗಳನ್ನೂ ಬಿಡಲಿಲ್ಲ.

ತಂಗಿ ಒಳಗಿಂದ ಬಂದು, "ಫೋಟೋ ಎಲ್ಲ ಹೋಯ್ತು. ತಪ್ಪು ನನ್ನದು" ಎಂದಳು. ನಾನು ಮೇಜಿನ ಮೇಲಿದ್ದ ಡಿಸ್ಕಿನ ವೈರು ಸುತ್ತತೊಡಗಿದೆ.

"ನೆಂಟರ ಫೋನಲ್ಲೆಲ್ಲ ಹುಡುಕಿದೆ" ಎನ್ನುತ್ತಾ ಹುಡುಗಿ ನನ್ನ ಕಡೆಗೆ ತಿರುಗಿದಳು. "ಅಪ್ಪ ಫೋಟೋಕ್ಕೆ ನಿಲ್ಲುವ ಜನ ಅಲ್ಲ. ಅವತ್ತು ನೀವು ತಮಾಷೆ ಮಾಡಿದ್ದಕ್ಕೆ ನಗಾಡಿದ್ದು. ಅದೊಂದಾದ್ರೂ ಇಲ್ವಾ ಅಣ್ಣಾ?"

ಈಗ ದಿನಾ ಸಂಜೆ ಹೊಸ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡುತ್ತೇನೆ. ತಂಗಿ ಹೇಳಬೇಕಾಗಿಲ್ಲ. ಹೇಳುವುದನ್ನು ಅವಳು ಬಿಟ್ಟೇಬಿಟ್ಟಿದ್ದಾಳೆ. ಆ ಅಪ್ಪ ನಕ್ಕ ಮುಖ ನನಗೆ ಚೆನ್ನಾಗಿ ನೆನಪಿದೆ. ಮಗಳಿಗೆ ಕೊಡಲು ಮಾತ್ರ ಏನೂ ಇಲ್ಲ.