ಮೊಣಕಾಲುದ್ದದ ಗಿಡ, ಆಳೆತ್ತರದ ಕೋಲು

ಸೇಡಂನಲ್ಲಿ ನಿಜಾಮನ ರಜಾಕಾರರು ಮನೆಯಲ್ಲಿ ಒಂದು ಬಡಿಗೆ ಸಿಕ್ಕರೂ ಗಂಡಸರನ್ನು ಎಳೆದೊಯ್ಯುತ್ತಿದ್ದ ದಿನಗಳವು. ಹೆದರಿದ ಸೂಗಮ್ಮ ಗಂಡನ ಬಡಿಗೆಯನ್ನು ಹಿತ್ತಲ ಟಮಾಟಿ ಮಡಿಯಲ್ಲಿ ಆಸರೆಗೋಲಿನಂತೆ ನೆಟ್ಟು, ಸೀರೆಯ ಚಿಂದಿಯಿಂದ ಅದಕ್ಕೊಂದು ಗಿಡ ಕಟ್ಟಿದಳು. ಎತ್ತರದ ಗಿಡಗಳಿಗೆಲ್ಲ ಮೊದಲೇ ತೊಗರಿ ಕಟ್ಟಿಗೆಯ ಆಸರೆಯಿತ್ತು. ಗಾಬರಿಯಲ್ಲಿ ಬಡಿಗೆ ಸಿಕ್ಕಿದ್ದು ಮೊಣಕಾಲುದ್ದದ ಗಿಡಕ್ಕೆ.

ಮನೆ ಜಾಲಾಡಲು ಬಂದ ರಜಾಕಾರ ಆ ಗಿಡದ ಮುಂದೆಯೇ ನಿಂತ. “ಏನಬೇ, ಇಷ್ಟ ಸಣ್ಣ ಗಿಡಕ್ಕ ಇಷ್ಟುದ್ದ ಕೋಲ್ಯಾಕ?”

ಸೂಗಮ್ಮ ಬಾಗಿ ಚಿಂದಿಯ ಗಂಟು ಬಿಗಿದಳು. “ದೊಡ್ಡದಾದ ಮ್ಯಾಲ ಚುಚ್ಚಿದ್ರ ಬೇರು ಹರೀತಾವ್ರಿ ಸಾಹೇಬ್ರ. ಅದಕ್ಕ ಮೊದಲೇ ಹುಗದೀನ್ರಿ.”

ಅವನು ನಕ್ಕು, ಮಾಗಿದ ಹಣ್ಣನ್ನೆಲ್ಲ ಕಿತ್ತುಕೊಂಡ. ಕಂಡವರ ಹಿತ್ತಲು ದೋಚಲು ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ!

“ತಿಂಗಳಿಗೆ ಮತ್ತ ಬರ್ತೀನಿ. ಗಿಡ ಕೋಲಿನ ತುದಿ ಮುಟ್ಟಿರಬೇಕು, ನೋಡು.”

ಅಂದಿನಿಂದ ಸೂಗಮ್ಮ ಕುಡಿಯುವ ನೀರನ್ನೂ ಆ ಒಂದೇ ಗಿಡಕ್ಕೆ ಸುರಿದು, ದಿನಾ ಬೆಳಿಗ್ಗೆ ಗೇಣಿನಿಂದ ಅದನ್ನು ಅಳೆಯತೊಡಗಿದಳು.