ಮಳೆಯ ಕ್ಯಾಸೆಟ್ಟು

ಮೊನ್ನೆ ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗ ತೆಗೆದಾಗ ಬೂಷ್ಟಿನ ವಾಸನೆ ಮುಖಕ್ಕೆ ಬಡಿಯಿತು. ಎರಡು ವಾರದ ರಜೆಯಲ್ಲಿ ಯಾರೂ ಕಿಟಕಿ ತೆರೆದಿರಲಿಲ್ಲ. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ. ಈ ವಾಸನೆಗೆ ಹೆದರುತ್ತಿದ್ದವರೊಬ್ಬರು ನೆನಪಾದರು...

ಅವರು ನಮ್ಮ ಕಂಪ್ಯೂಟರ್ ಟೀಚರ್. ಎಂಬತ್ತರ ದಶಕದ ನಡುವೆ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಮೂಡಿಗೆರೆಯ ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಅದರ ಹಿಂದೆಯೇ, ಒಂದು ವರ್ಷದ ಮಟ್ಟಿಗೆ, ಅವರು ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಜೀಪ್ ರಿಪೇರಿ ಮಾಡುತ್ತಿದ್ದ ಸಾಹೇಬರ ಮಗಳು. ಬಿ.ಎಸ್ಸಿ. ಓದಿ, ಮೂರು ವಾರದ ತರಬೇತಿ ಪಡೆದಿದ್ದರು. ತಂದೆಯ ಸ್ಕ್ರೂಡ್ರೈವರ್ ಒಂದು ಸದಾ ಅವರ ಕೈಚೀಲದಲ್ಲಿರುತ್ತಿತ್ತು.

ಶನಿವಾರ ಮಧ್ಯಾಹ್ನ ಹನ್ನೊಂದು ಮಕ್ಕಳ ಕ್ಲಬ್ಬು. ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಆಗೆಲ್ಲ ಟೀಚರೇ ಮಷಿನ್ ಆಗುತ್ತಿದ್ದರು. ಹಾಳೆಯಲ್ಲಿ ಬರೆದುಕೊಂಡ ಸಾಲುಗಳನ್ನು ನಾವು ಒಂದೊಂದಾಗಿ ಓದಬೇಕು. ಅವರು ಜಗಲಿಯ ಮೇಲೆ ಅದರಂತೆಯೇ ನಡೆಯುತ್ತಿದ್ದರು. ಒಮ್ಮೆ ಹುಡುಗನೊಬ್ಬ 'ತಿರುಗು' ಎಂದು ಬರೆಯಲು ಮರೆತಿದ್ದ. ಟೀಚರ್ ನೇರ ಹೋಗಿ ಗೋಡೆಗೆ ಹಣೆ ತಾಗಿಸಿ ನಿಂತರು.

"ಅಯ್ಯೋ ಟೀಚರ್, ಗೋಡೆ ಕಾಣ್ಲಿಲ್ವಾ?" ಎಂದ ಅವನು.

"ಮಷಿನ್ನಿಗೆ ಗೋಡೆ ಕಾಣಲ್ಲ ಮಾರಾಯ. ನೀನು ಬರ್ದಿದ್ದಷ್ಟೇ ಕಾಣೋದು. ಬೇಗ ತಿದ್ದು, ಹಣೆ ನೋಯ್ತಿದೆ."

ನಮ್ಮ ಕಡೆಯ ಕಾಫಿ ಎಸ್ಟೇಟುಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆಯುವುದು ರೂಢಿ. ಅಪ್ಪ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಬೇರೆ ಕೆಲಸಕ್ಕೆ ಮೊದಲು ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು ಎಂದು ಬರೆದಿಡುತ್ತಿದ್ದರು. ಹನ್ನೊಂದು ಮಕ್ಕಳೂ ತಂತಮ್ಮ ಎಸ್ಟೇಟಿನ ಅಂಕಿಗಳನ್ನು ತಂದೆವು. ಯಾವ ಗುಡ್ಡದಲ್ಲಿ ಎಷ್ಟು ಮಳೆಯೆಂದು ಪರದೆಯ ಮೇಲೆ ಗೆರೆಗಳಾಗಿ ತೋರಿಸುವ ಪ್ರೋಗ್ರಾಂ ಬರೆಯಲು ಹೆಚ್ಚುಕಡಿಮೆ ಇಡೀ ವರ್ಷ ಹಿಡಿಯಿತು.

ಆಗ ಪ್ರೋಗ್ರಾಂ ಉಳಿಸುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ. ಎರಡು ಪ್ರತಿಗಳಿದ್ದವು. ಶಾಲೆಯ ಬೀರುವಿನಲ್ಲಿದ್ದದ್ದಕ್ಕೆ ಮರುವರ್ಷದ ಜುಲೈ ತಿಂಗಳಲ್ಲಿ ಬೂಷ್ಟು ಹಿಡಿಯಿತು. ಅದೇ ವಾರ ಶಾಲೆಗೆ ಮಳೆರಜೆ ಕೊಟ್ಟರು. ರಜೆ ಮುಗಿದೊಡನೆ ಪ್ರೋಗ್ರಾಂ ನೋಡಲು ಅಧಿಕಾರಿಯೊಬ್ಬರು ಬರುವವರಿದ್ದರು; ಅವರು ಒಪ್ಪಿದರೆ ಕ್ಲಬ್ಬೂ ಉಳಿಯುತ್ತಿತ್ತು, ಟೀಚರ ಕೆಲಸವೂ ಮುಂದುವರಿಯುತ್ತಿತ್ತು. ಉಳಿದ ಒಂದೇ ಪ್ರತಿಯನ್ನು ಟೀಚರ್ ನನ್ನ ಕೈಗಿಟ್ಟರು. "ನಮ್ಮನೆ ಗೋಡೆನೇ ಬೆವರ್ತದೆ. ನೀನು ಜೋಪಾನದ ಹುಡುಗಿ. ಒಣಗಿರೋ ಜಾಗದಲ್ಲಿಡು."

ನಮ್ಮ ಕ್ವಾರ್ಟರ್ಸಿನಲ್ಲಿ ಒಣಗಿರುವ ಜಾಗ ಒಂದೇ: ಒಲೆಯ ಮೇಲೆ ತೂಗುಬಿಟ್ಟಿದ್ದ ಬಿದಿರಿನ ತಟ್ಟಿ. ಬೆಂಕಿಪೊಟ್ಟಣ, ಉಪ್ಪು, ನನ್ನ ಪುಸ್ತಕಗಳು, ಎಲ್ಲವೂ ಮಳೆಗಾಲ ಕಳೆಯುತ್ತಿದ್ದದ್ದು ಅಲ್ಲಿಯೇ. "ಅಲ್ಲಿಟ್ರೆ ಬೂಷ್ಟು ಹತ್ರ ಸುಳಿಯಲ್ಲ ಮಾರಾಯ್ತಿ" ಎಂದರು ಅಮ್ಮ. ಟೀಚರ್ ಒಣಗಿರುವ ಜಾಗ ಎಂದಿದ್ದರು. ಒಣಗಿರುವ ಜಾಗದಲ್ಲೇ ಇಟ್ಟೆ.

ಶಾಲೆ ತೆರೆದು ಮೂರು ದಿನ ಕರೆಂಟಿರಲಿಲ್ಲ. ಬಂದದ್ದು ಅಧಿಕಾರಿ ಬಂದ ದಿನವೇ. ಎಲ್ಲರೂ ಕಂಪ್ಯೂಟರಿನ ಸುತ್ತ ನಿಂತಿದ್ದೆವು. ಕ್ಯಾಸೆಟ್ಟು ತಿರುಗಿತು, ಎಳೆದೆಳೆದು ಕೂಗಿತು, ನಿಂತಿತು. ಮತ್ತೆ ಹಾಕಿದರು... ಮತ್ತೆ ಅದೇ. ಟೀಚರ್ ಸ್ಕ್ರೂ ಬಿಚ್ಚಿದರು. ಒಲೆಯ ಕಾವಿಗೆ ಟೇಪು ನೆರಿಗೆಗಟ್ಟಿತ್ತು. ಅದನ್ನು ಒಂದು ಕ್ಷಣ ಮೂಗಿನ ಹತ್ತಿರ ಹಿಡಿದರು. ಹೊಗೆಯ ವಾಸನೆ ನಾನು ನಿಂತಲ್ಲಿಗೂ ಬರುತ್ತಿತ್ತು.

"ಏನ್ರೀ ಆಯ್ತು?" ಎಂದರು ಹೆಡ್‌ಮಾಸ್ಟರು.

"ನನ್ನ ತಪ್ಪು ಸಾರ್. ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ."

ಅಧಿಕಾರಿ ಕಾಫಿ ಕುಡಿದು ಜೀಪು ಹತ್ತಿದರು. ನಾನು ಬಾಯಿ ಬಿಡಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಟೀಚರ ಕೆಲಸ ಆ ತಿಂಗಳ ಕೊನೆಗೆ ಮುಗಿಯಿತು. ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದರು. ಅವರು ಹೊರಡುವ ದಿನ ಜಗಲಿಯಲ್ಲಿ ಎದುರಾದರು. ಈಗ ಕೇಳುತ್ತಾರೆ ಎಂದುಕೊಂಡೆ. "ಲೆಕ್ಕ ಬಿಡ್ಬೇಡ, ಚೆನ್ನಾಗಿ ಓದು" ಎಂದಷ್ಟೇ ಹೇಳಿ ನಡೆದರು...

ಆಮೇಲೆ ಚಿಕ್ಕಮಗಳೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದಾರೆಂದು ಕೇಳಿದೆ. ಹೋಗಿ ಹೇಳಬಹುದಿತ್ತು. ಎಂ.ಎಸ್ಸಿ. ಮುಗಿಯಲಿ ಎಂದುಕೊಂಡೆ, ಕೆಲಸ ಸಿಗಲಿ ಎಂದುಕೊಂಡೆ. ಹೋದ ವರ್ಷ, ಬಸ್ಸಿನಲ್ಲಿ ಸಿಕ್ಕ ಹಳೆಯ ಸಹಪಾಠಿಯೊಬ್ಬಳು ಅವರು ತೀರಿಕೊಂಡರೆಂದಳು. ಇನ್ನು ಹೇಳಲು ಯಾರೂ ಇಲ್ಲ.

ಈಗ ನಾನೂ ಈ ಕಾಲೇಜಿಗೆ ವರ್ಷದ ಮಟ್ಟಿಗೆ ನೇಮಕಗೊಂಡವಳು. ಶನಿವಾರಗಳಂದು ಇಲ್ಲಿಗೆ ಬರುವ ಶಾಲೆಯ ಮಕ್ಕಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತೇನೆ. ಸಂಜೆಯ ಹೊತ್ತಿಗೆ ಯಾರ ಮುಖವೂ ಬೇಡವೆನ್ನಿಸುವಷ್ಟು ದಣಿದಿರುತ್ತೇನೆ. ಈ ರಜೆಗೆ ಮೊದಲು, ಮಕ್ಕಳೆಲ್ಲ ಸೇರಿ ತಿಂಗಳು ಕೂತು ಮಾಡಿದ್ದ ಕೆಲಸವನ್ನು ಯಾರೋ ಫ್ಲಾಪಿಯಿಂದ ಅಳಿಸಿಬಿಟ್ಟಿದ್ದರು. "ಯಾರು ಮಾಡಿದ್ದು? ಹೇಳೋವರೆಗೆ ಯಾರೂ ಮನೆಗೆ ಹೋಗೋ ಹಾಗಿಲ್ಲ" ಎಂದೆ. ಮೂರನೇ ಸಲ ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ಎಲ್ಲರೂ ತಿರುಗಿ ಅವಳನ್ನೇ ನೋಡಿದರು.

ರಜೆ ಮುಗಿದ ಮೇಲೆ ಅವಳು ಬಂದಿಲ್ಲ.